ಹತ್ತೊಂಬತ್ತು ಅಡಿ ಎತ್ತರದ ಹಾಲ್‌ನಾಗ ಮಾತು ಬಿಡಿಸಿ ಕೇಳಬೇಕಂದ್ರ

"ಮಾಮಾ, ಎಷ್ಟ್ ಸೌಂಡ್ ಇಟ್ರೂ ನಮ್ಮತ್ತಿಗೆ ಸೀರಿಯಲ್‌ನ್ಯಾಗಿನ ಮಾತು ತಿಳಿಯವಲ್ದು. ಅಂಗಡಿಯವರು ಇನ್ನೂ ದೊಡ್ಡ ಸೆಟ್ ತಗೋರಿ ಅನ್ನಾಕತ್ಯಾರ. ತಗೊಳ್ಳೋದೇನು?"

ತಂಗಿಯ ಮಗಳ ಈ ಫೋನು ಬಂದಾಗ ನಾನು ಗದಗದ ಒಂದು ಕಲ್ಯಾಣ ಮಂಟಪದಲ್ಲಿ ವೈರ್ ಸುತ್ತುತ್ತಿದ್ದೆ. ಮೂವತ್ತು ವರ್ಷದಿಂದ ನನ್ನದು ಮೈಕ್ ಸೆಟ್ಟಿನ ಕೆಲಸ. ಮದುವೆ, ಜಾತ್ರೆ, ಗಣಪತಿ, ನಾಟಕ, ಚುನಾವಣೆ, ಯಾವುದನ್ನೂ ಬಿಟ್ಟಿಲ್ಲ. ಇತ್ತೀಚೆಗೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೋಮ್ ಥಿಯೇಟರ್ ಕೂಡ್ರಿಸುವುದನ್ನೂ ಹಚ್ಚಿಕೊಂಡಿದ್ದೇನೆ. "ಏನೂ ತಗೋಬ್ಯಾಡ, ಐತವಾರ ಬರ್ತೀನಿ" ಅಂದೆ.

ಅವರದು ಗೋಕುಲ ರೋಡಿನ ಕಡೆ ಹೊಸ ಡ್ಯೂಪ್ಲೆಕ್ಸ್ ಮನೆ. ಹಾಲ್ 20 ಅಡಿ ಉದ್ದ, 14 ಅಡಿ ಅಗಲ, 19 ಅಡಿ ಎತ್ತರ. ಒಂದು ಬದಿಗೆ ಮೇಲಿನ ಮಜಲಿನ ಪ್ಯಾಸೇಜು, ಅದಕ್ಕೆ ಸ್ಟೀಲ್ ರೇಲಿಂಗ್. ಎದುರು ಬದಿಗೆ 9 ಅಡಿ ಅಗಲ, 16 ಅಡಿ ಎತ್ತರದ ಗಾಜಿನ ಕಿಡಕಿ. ನೆಲಕ್ಕೆ ಕನ್ನಡಿಯಂಥ ಟೈಲ್ಸ್, ಗೋಡೆಗೆ ಪುಟ್ಟಿ ಹಚ್ಚಿ ನುಣುಪು ಮಾಡಿದ ಬಣ್ಣ. ನೋಡಲಿಕ್ಕೆ ಭಾಳ ಚಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಒಂದು ಚಪ್ಪಾಳೆ ತಟ್ಟಿದೆ. "ಟಪ್" ಅಂದದ್ದು ಮೇಲೆ ಹೋಗಿ "ಟರ್ರ್ರ್" ಅಂತ ಸುತ್ತು ಹಾಕಿ ಎರಡು ಸೆಕೆಂಡ್ ಬಿಟ್ಟು ಸತ್ತಿತು. ಟೀವಿ ಹಚ್ಚುವ ಮೊದಲೇ ನನಗೆ ಉತ್ತರ ಸಿಕ್ಕಿತ್ತು.

ಮದುವೆ ಸೆಟ್ ಹಾಕುವವರಿಗೆಲ್ಲ ಇದು ಗೊತ್ತಿರುವ ಮಾತು. ಮುಂಜಾನೆ ಖಾಲಿ ಮಂಟಪದಲ್ಲಿ "ಹಲೋ, ಮೈಕ್ ಟೆಸ್ಟಿಂಗ್" ಅಂದರೆ ನಮ್ಮ ಮಾತು ನಮಗೇ ತಿಳಿಯುವುದಿಲ್ಲ. ಅಕ್ಕಿಕಾಳಿನ ಹೊತ್ತಿಗೆ ಮಂದಿ ತುಂಬಿದರೆ ಅದೇ ಮೈಕು, ಅದೇ ಬಾಕ್ಸು, ಮಂತ್ರದ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಸೆಟ್ಟಿನಲ್ಲಿ ಬದಲಾದದ್ದು ಏನೂ ಇಲ್ಲ. ಬಟ್ಟೆ ತೊಟ್ಟ ಒಬ್ಬೊಬ್ಬ ಮನುಷ್ಯ ನಾಲ್ಕೈದು ಚದರ ಅಡಿಯಷ್ಟು ದನಿ ನುಂಗುತ್ತಾನೆ, ಅಷ್ಟೇ. ನಮ್ಮ ಹುಡುಗಿಯ ಹಾಲ್ ಅಂದರೆ ದಿನವಿಡೀ ಮಂದಿ ಬಾರದ ಕಲ್ಯಾಣ ಮಂಟಪ.

ಎತ್ತರ ಏನು ಮಾಡುತ್ತದೆ

ಛತ್ತು ಎತ್ತರವಿದ್ದರೆ ದನಿ ಕೆಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರಾ ಖರೆ ಅಲ್ಲ. ಹತ್ತು ಅಡಿಯ ಛತ್ತಿಗೆ ಬಡಿದ ದನಿ ನೇರ ದನಿಯ ಬೆನ್ನಿಗೇ, ಆರು ಮಿಲಿಸೆಕೆಂಡಿನಲ್ಲಿ, ಕಿವಿಗೆ ಬಂದು ಅದಕ್ಕೆ ಮೆತ್ತಿಕೊಳ್ಳುತ್ತದೆ. ಈ ಹಾಲ್‌ನಲ್ಲಿ ಅದು ಸುಮಾರು 20 ಮಿಲಿಸೆಕೆಂಡ್ ತಡವಾಗಿ, ದೂರ ಹೋಗಿ ಬಂದದ್ದರಿಂದ ಸೊರಗಿ ಬರುತ್ತದೆ. ಆ ಮಟ್ಟಿಗೆ ಎತ್ತರ ಒಳ್ಳೆಯದೇ. ದೊಡ್ಡ ಸಂಗೀತ ಸಭಾಗೃಹಗಳು ಎತ್ತರ ಇರುವುದು ಸುಮ್ಮನೆ ಅಲ್ಲ.

ತೊಂದರೆ ಬರುವುದು ಬಾಲದಿಂದ. ಮಾತಿನ ಒಂದು ಅಕ್ಷರ ಮುಗಿದರೂ ಅದರ ಗುಂಯ್ ಉಳಿದು ಮುಂದಿನ ಅಕ್ಷರದ ಮೇಲೆ ಕೂಡುತ್ತದೆ. ಸ್ವರಗಳು ಜೋರು, ಕ-ತ-ಪ-ಸದಂಥ ವ್ಯಂಜನಗಳು ತೆಳು. ಹಿಂದಿನ 'ಆ'ಕಾರದ ಬಾಲದಲ್ಲಿ ಮುಂದಿನ 'ತ' ಮುಳುಗಿಹೋಗುತ್ತದೆ. ಸೌಂಡ್ ಏರಿಸಿದರೆ ಬಾಲವೂ ಅಷ್ಟೇ ಏರುತ್ತದೆ. ಅದಕ್ಕೇ ಆ ಅತ್ತೆಯವರಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ದೊಡ್ಡ ಸೆಟ್ ತಂದರೆ ದೊಡ್ಡ ಗುಂಯ್ ಬರುತ್ತದೆ.

ಲೆಕ್ಕ ಇಷ್ಟು: ಖೋಲಿಯ ಒಟ್ಟು ಘನ ಅಡಿಯನ್ನು 0.049ರಿಂದ ಗುಣಿಸಿ, ಖೋಲಿಯೊಳಗೆ ದನಿ ನುಂಗುವ ವಸ್ತುಗಳ ಒಟ್ಟು ಚದರ ಅಡಿಯಿಂದ ಭಾಗಿಸಿದರೆ ಬಾಲ ಎಷ್ಟು ಸೆಕೆಂಡ್ ಅನ್ನುವುದು ಬರುತ್ತದೆ. ಪೂರ್ತಿ ತೆರೆದ ಕಿಡಕಿಯ ಒಂದು ಚದರ ಅಡಿ ಅಂದರೆ ಒಂದು ಪಾಲು, ಯಾಕೆಂದರೆ ಹೊರಗೆ ಹೋದ ದನಿ ತಿರುಗಿ ಬರುವುದಿಲ್ಲ. ನುಣುಪು ಗಾರೆ ಗೋಡೆಯ ಒಂದು ಚದರ ಅಡಿ ಅಂದರೆ ಬರೀ 0.03 ಪಾಲು. ನಮ್ಮ ಹಾಲ್ 20×14×19, ಅಂದರೆ 5320 ಘನ ಅಡಿ, 0.049ರಿಂದ ಗುಣಿಸಿದರೆ ಸುಮಾರು 260. ಸೋಫಾ, ಬಾಗಿಲು, ಮೇಲಿನ ಪ್ಯಾಸೇಜಿಗೆ ಹೋಗಿ ಕಳೆಯುವ ದನಿ, ಕೂತ ನಾಲ್ಕು ಮಂದಿ ಎಲ್ಲ ಹಿಡಿದು ನುಂಗುವ ಪಾಲು ಸುಮಾರು 120 ಅಂತ ಹಿಡಿದೆ. 260ನ್ನು 120ರಿಂದ ಭಾಗಿಸಿದರೆ 2.2 ಸೆಕೆಂಡ್. ಚಪ್ಪಾಳೆ ಹೇಳಿದ್ದೂ ಅದನ್ನೇ. ಸಿನೆಮಾ ನೋಡುವ ಮನೆಯ ಹಾಲ್‌ಗೆ ಅರ್ಧದಿಂದ ಮುಕ್ಕಾಲು ಸೆಕೆಂಡ್ ಸಾಕು.

ಈ ಸೂತ್ರ ನನಗೆ ಕಲಿಸಿದವಳು ಇಂಜಿನಿಯರಿಂಗ್ ಓದುತ್ತಿದ್ದ ಮಗಳು. ಅದರ ಹಿಂದಿನ ಕತೆ ಮಾತ್ರ ನನ್ನ ಮನಸ್ಸಿಗೆ ಭಾಳ ಹಿಡಿಸಿತು. 1895ರ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸಬೈನ್ ಅಂತ ಒಬ್ಬ ಪ್ರಾಧ್ಯಾಪಕ. ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸದ ಕೋಣೆಯಲ್ಲಿ ಮಾತು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತಂತೆ. ಅದನ್ನು ಸರಿಮಾಡು ಅಂತ ಅವನಿಗೆ ಹೇಳಿದರು. ಅವನು ರಾತ್ರಿ ಹೊತ್ತಿನಲ್ಲಿ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ದಿಂಬುಗಳನ್ನು ಹೊರಿಸಿಕೊಂಡು ಬಂದು ಹರವುವುದು, ಆರ್ಗನ್ ಕೊಳವೆ ಊದಿಸಿ ಸ್ಟಾಪ್‌ವಾಚ್ ಹಿಡಿದು ಅಳೆಯುವುದು, ಬೆಳಗಾಗುವುದರೊಳಗೆ ದಿಂಬುಗಳನ್ನು ತಿರುಗಿ ಮುಟ್ಟಿಸುವುದು. ಹೀಗೆ ರಾತ್ರಿ ಮೇಲೆ ರಾತ್ರಿ. ಇವತ್ತಿನ ಸಭಾಗೃಹಗಳ ದನಿಯ ಶಾಸ್ತ್ರ ಹುಟ್ಟಿದ್ದು ಹಾಗೆ, ದಿಂಬು ಹೊತ್ತು.

ರೊಕ್ಕ ಬಿಚ್ಚುವ ಮೊದಲು ಒಂದು ದಿನ

ನಾವೂ ಹಾಗೇ ಮಾಡಿದೆವು. ನೀವೂ ಮಾಡಿ, ಒಂದು ರೂಪಾಯಿ ಖರ್ಚಿಲ್ಲ. ಮನೆಯಲ್ಲಿರುವ ಕೌದಿ, ಕಂಬಳಿ, ಹತ್ತಿ ಗಾದಿ, ರಜಾಯಿ ಎಲ್ಲ ತೆಗೆಯಿರಿ. ನಮ್ಮ ತಂಗಿಯ ಕೈ ಹೊಲಿಗೆಯ ಕೌದಿ ಆರಿದ್ದವು, ರಾಣೆಬೆನ್ನೂರ ಕಡೆಯ ಕರಿ ಕಂಬಳಿ ಎರಡು, ಜೊತೆಗೆ ಓಣಿಯ ಇಬ್ಬರ ಮನೆಯಿಂದ ಕಡ ತಂದದ್ದು. ಮೊದಲು ಎಲ್ಲವನ್ನೂ ನೆಲದ ಮೇಲೆ ಹಾಸಿ ಚಪ್ಪಾಳೆ ತಟ್ಟಿ. ಆಮೇಲೆ ಅವನ್ನೇ ಮೇಲಿನ ರೇಲಿಂಗ್‌ಗೆ ತೂಗುಬಿಟ್ಟು, ಕಿಡಕಿಯ ಮೇಲಿನ ಪಡದೆ ಕೋಲಿಗೆ ಇಳಿಬಿಟ್ಟು ಮತ್ತೆ ತಟ್ಟಿ. ಮೊಬೈಲಿನಲ್ಲಿ ಎರಡನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಕಿವಿ ಮರೆಯುತ್ತದೆ.

ನೆಲಕ್ಕೆ ಹಾಸಿದಾಗ ಕೆಳಗಿನ ಕಟಕಟ ಸದ್ದು ಕಡಿಮೆಯಾಯಿತು, ಮೇಲಿನ "ಟರ್ರ್" ಹಾಗೇ ಉಳಿಯಿತು. ಮೇಲೆ ತೂಗಿದಾಗ "ಟರ್ರ್" ಹೋಯಿತು. ಹುಡುಗಿ ಬಾಯಿ ತೆರೆದಳು: "ಮಾಮಾ, ಮನಿ ಸಣ್ಣದಾಧಂಗ ಅನಸ್ತದ!"

ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ. ಎತ್ತರದ ಹಾಲ್ ಅಂದರೆ ಒಂದರ ಮೇಲೊಂದು ಎರಡು ಖೋಲಿ ಅಂತ ತಿಳಿಯಿರಿ. ಕೆಳಗಿನ ಖೋಲಿಯಲ್ಲಿ ಸೋಫಾ, ಪಡದೆ, ಮನುಷ್ಯರು ಇದ್ದಾರೆ. ಮೇಲಿನದು ಪೂರಾ ಖಾಲಿ, ನಾಲ್ಕೂ ಕಡೆ ಬೋಳು ಗೋಡೆ. ದನಿ ಅಲ್ಲಿ ಹೋಗಿ ಎದುರುಬದುರು ಗೋಡೆಗಳ ನಡುವೆ ಚೆಂಡಿನಂತೆ ಆಡುತ್ತದೆ, ಕೆಳಗೆ ಕೂತವರಿಗೆ ಅದರ ಹನಿ ಬೀಳುತ್ತಿರುತ್ತದೆ. ನೀವು ನೆಲಕ್ಕೆ ಎಷ್ಟೇ ದುಬಾರಿ ಕಾರ್ಪೆಟ್ ಹಾಸಿ, ಮೇಲಿನ ಖೋಲಿಗೆ ಅದು ಮುಟ್ಟುವುದಿಲ್ಲ. ದನಿ ನುಂಗುವ ವಸ್ತುವಿನ ದೊಡ್ಡ ಪಾಲು ಹತ್ತು ಅಡಿಯ ಮೇಲೆ ಇರಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಅವರು ಮಾರುವುದೆಲ್ಲ ಕೆಳಗೆ ಇಡುವಂಥದ್ದು.

ಕೌದಿಯನ್ನೇ ಕಾಯಂ ತೂಗಿಬಿಟ್ಟರೆ ಆಗುವುದಿಲ್ಲವೇ ಅಂತ ಕೇಳಿದರು. ಅರ್ಧ ಆಗುತ್ತದೆ. ಬಟ್ಟೆಯನ್ನು ಗೋಡೆಗೆ ಅಂಟಿಸಿದಂತೆ ಹಾಕದೆ ನಾಲ್ಕಾರು ಇಂಚು ಬಿಟ್ಟು ತೂಗಬೇಕು. ಗೋಡೆಯ ಮೈಗೆ ಗಾಳಿ ಅಲುಗುವುದೇ ಇಲ್ಲ, ಸ್ವಲ್ಪ ದೂರದಲ್ಲಿ ಅಲುಗುತ್ತದೆ, ಅಲುಗುವ ಗಾಳಿಯನ್ನು ತಡೆದಾಗಲೇ ದನಿ ಸಾಯುವುದು. ಆದರೂ ಕೌದಿ, ಕಂಬಳಿ ನುಂಗುವುದು ತೆಳು ದನಿಯನ್ನು. ಗಂಡಸರ ಮಾತಿನ ದಪ್ಪ ಭಾಗಕ್ಕೆ ಅವು ಸಾಲವು. ನವಲಗುಂದದ ಜಮಖಾನ ಕಣ್ಣಿಗೆ ಹಬ್ಬ, ನಮ್ಮ ಮನೆಯಲ್ಲೂ ಒಂದಿದೆ, ಆದರೆ ದನಿಗೆ ಅದು ಭಾಳ ತೆಳುವು. ಅದರ ಕೆಳಗೆ ದಪ್ಪ ಫೆಲ್ಟ್ ಹಾಕಿದರೆ ಪರವಾಗಿಲ್ಲ.

ತತ್ತಿಯ ಟ್ರೇ ಬಗ್ಗೆ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಅದರಲ್ಲಿ ತತ್ತಿ ಇಡಿ. ಗೋಡೆಗೆ ಹಚ್ಚಿದರೆ ಧೂಳು ಮತ್ತು ಬೆಂಕಿಯ ಭಯ ಎರಡೇ ಲಾಭ. ಒಂದು ಇಂಚಿನ ಮೊನಚು ಮೊನಚು ಸ್ಪಂಜಿನ ಹಾಳೆಯೂ ಅಷ್ಟೇ. ತಾಳ, ಗೆಜ್ಜೆಯ ಹೊಳಪು ಕೊಲ್ಲುತ್ತದೆ, ಗುಂಯ್ ಹಾಗೇ ಬಿಡುತ್ತದೆ. ಗೋಡೆ ತುಂಬ ಅದನ್ನು ಹಚ್ಚಿದ ಮನೆಗಳಲ್ಲಿ ಹಾಡು ಗೋಣಿಚೀಲದೊಳಗಿಂದ ಬಂದಂತೆ ಕೇಳುತ್ತದೆ.

ಪ್ಯಾನೆಲ್ ಮಾಡಿಸುವುದು

ನಾವು ಮಾಡಿಸಿದ್ದು ದನಿ ನುಂಗುವ, 4 ಅಡಿ × 2 ಅಡಿಯ 20 ಪ್ಯಾನೆಲ್. ಒಳಗೆ ರಾಕ್ ವೂಲ್, ಘನ ಮೀಟರಿಗೆ 48 ಕಿಲೋ ತೂಕದ್ದು, 50 ಮಿಲಿಮೀಟರ್ ದಪ್ಪದ ಎರಡು ಪದರ, ಒಟ್ಟು 4 ಇಂಚು. ಬಾಯ್ಲರ್, ಡಕ್ಟುಗಳಿಗೆ ಇನ್ಸುಲೇಶನ್ ಮಾರುವ ಅಂಗಡಿಯಲ್ಲಿ ಕೇಳಿ. 'ಅಕೌಸ್ಟಿಕ್' ಅಂತ ಬೋರ್ಡ್ ಹಾಕಿದಲ್ಲಿ ಅದಕ್ಕೇ ಬೇರೆ ರೇಟು. ಸುತ್ತ ಪೈನ್ ಪಟ್ಟಿಯ ಚೌಕಟ್ಟು, ಬಡಿಗ್ಯಾ ಒಂದೂವರೆ ದಿನದಲ್ಲಿ ಎಲ್ಲ ಮಾಡಿಕೊಟ್ಟ. ರಾಕ್ ವೂಲ್ ಮೈಗೆ ತಾಗಿದರೆ ತುರಿಕೆ. ತುಂಬು ತೋಳಿನ ಅಂಗಿ, ಮಾಸ್ಕ್, ಕೈಗವಸು ಬೇಕೇ ಬೇಕು. ಚೂರು ಹಾರದಂತೆ ಮೊದಲು ತೆಳುವಾದ ನಾನ್‌ವೋವನ್ ಬಟ್ಟೆ ಸುತ್ತಿ, ಅದರ ಮೇಲೆ ಚಂದದ ಬಟ್ಟೆ. ನಮ್ಮ ಊರ ಕಡೆ ಹತ್ತಿಗೆ ಬರವಿಲ್ಲ, ಹಿಂಜಿದ ಹತ್ತಿಯನ್ನೇ ತುಂಬಬಾರದೇಕೆ ಅಂತ ಅಳಿಯಂದಿರು ಕೇಳಿದರು. ದನಿಯನ್ನು ಅದೂ ಚೆನ್ನಾಗಿಯೇ ನುಂಗುತ್ತದೆ. ಆದರೆ ಒಂದು ಕಿಡಿ ಬಿದ್ದರೆ? ರಾಕ್ ವೂಲ್ ಕಲ್ಲಿನ ನೂಲು, ಅದು ಉರಿಯುವುದಿಲ್ಲ. ಹತ್ತಿ ತುಂಬಿದ್ದನ್ನು ನಾನು ವೈರಿಂಗ್ ಓಡುವ ಗೋಡೆಯ ಮೇಲೆ ಹಾಕುವುದಿಲ್ಲ.

ಮೇಲಿನ ಬಟ್ಟೆಗೆ ಒಂದೇ ಪರೀಕ್ಷೆ. ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ದನಿಯೂ ಹೋಗುತ್ತದೆ. ಹುಡುಗಿಗೆ ಗುಳೇದಗುಡ್ಡದ ಖಣದ ಬಟ್ಟೆಯೇ ಬೇಕಿತ್ತು. ರೇಷ್ಮೆಯ ಒತ್ತು ನೇಯ್ಗೆಯದರಲ್ಲಿ ಉಸಿರು ದಾಟಲೇ ಇಲ್ಲ. ಕೊನೆಗೆ ಬೆಂಗೇರಿಯ ಖಾದಿ ತಂದೆವು, ರಾಷ್ಟ್ರಧ್ವಜ ತಯಾರಾಗುವುದಲ್ಲ, ಅದೇ ಬೆಂಗೇರಿ. ಬಿಡಿ ನೇಯ್ಗೆಯ ಖಾದಿ, ಅಂಚಿಗೆ ಮಾತ್ರ ಎರಡು ಬೆರಳಿನಷ್ಟು ಖಣದ ಪಟ್ಟಿ. ಆ ರಾಜಿ ಇಬ್ಬರಿಗೂ ಒಪ್ಪಿಗೆಯಾಯಿತು.

ಹಾಕುವ ಜಾಗ: 16 ಪ್ಯಾನೆಲ್ಲುಗಳು 10 ಅಡಿಯಿಂದ 17 ಅಡಿಯ ನಡುವೆ, ಗೋಡೆಯಿಂದ 4 ಇಂಚು ಹೊರಗೆ. ಎದುರುಬದುರು ಗೋಡೆಗಳಲ್ಲಿ ಒಂದಕ್ಕೊಂದು ನೇರ ಎದುರಿಗೆ ಬೇಡ, ಚದುರಂಗದ ಮನೆಗಳಂತೆ ಬಿಟ್ಟು ಬಿಟ್ಟು. ಒಂದು ಕಡೆ ಬೋಳು ಇದ್ದರೆ ಎದುರಿಗೆ ಪ್ಯಾನೆಲ್ ಇರಬೇಕು, ಆಗ ಕಡಿಮೆ ಪ್ಯಾನೆಲ್‌ನಲ್ಲೇ ಆ ಚೆಂಡಾಟ ನಿಲ್ಲುತ್ತದೆ. ಉಳಿದ 4 ಕೆಳಗೆ. ಸೋಫಾದಲ್ಲಿ ಒಬ್ಬರನ್ನು ಕೂಡ್ರಿಸಿ, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಹಿಡಿದು ಸರಿಸುತ್ತ ಹೋಗಿ. ಕೂತವರಿಗೆ ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಮೊದಲ ಹೊಡೆತದ ದನಿ ಅಲ್ಲಿಂದಲೇ ಬರುವುದು. ನಮ್ಮಲ್ಲಿ ಒಂದು ಗುರುತು ಕಿಡಕಿಯ ಗಾಜಿನ ಮೇಲೆ ಬಿತ್ತು, ಅದಕ್ಕೆ ಪಡದೆಯೇ ಔಷಧಿ.

ಒಂದು ಪ್ಯಾನೆಲ್ ಆರೇಳು ಕಿಲೋ ತೂಗುತ್ತದೆ. 15 ಅಡಿಯ ಮೇಲಿಂದ ಬಿದ್ದರೆ ತಮಾಷೆ ಅಲ್ಲ. ಎರಡೆರಡು ಆಂಕರ್ ಬೋಲ್ಟ್, ಮೇಲೊಂದು ತಂತಿಯ ಸುರಕ್ಷೆ. ಏಣಿಯ ಮೇಲೆ ಸರ್ಕಸ್ ಬೇಡ. ಮನೆಗೆ ಬಣ್ಣ ಹಚ್ಚಿಸುವವರಿದ್ದರೆ ಅವರು ಕಟ್ಟಿದ ಅಟ್ಟದ ಮೇಲೆಯೇ ಈ ಕೆಲಸವನ್ನೂ ಮುಗಿಸಿಬಿಡಿ, ಅರ್ಧ ಕೂಲಿ ಉಳಿಯುತ್ತದೆ.

ಕಿಡಕಿಗೆ ದಪ್ಪ ಪಡದೆ, ಕಿಡಕಿಯ ಅಗಲದ ಎರಡು ಪಟ್ಟು ಬಟ್ಟೆ, ನೆರಿಗೆ ಬಿದ್ದು ನಿಲ್ಲಬೇಕು. "ಹದಿನಾರು ಫೂಟಿನ ಪಡದೆ ತೊಳಿಯೋರ್ ಯಾರ?" ಅಂತ ಅತ್ತೆಯವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಅದನ್ನು ಎರಡು ತುಂಡು ಮಾಡಿದ್ದೇವೆ. ಕೆಳಗಿನದು ದಿನಾ ಸರಿಸುವುದು, ಮೇಲಿನದು ವರ್ಷಕ್ಕೊಮ್ಮೆ ಇಳಿಸುವುದು.

ಲೆಕ್ಕ ಮತ್ತೆ ನೋಡಿ. ಪ್ಯಾನೆಲ್ 160 ಚದರ ಅಡಿ, ಅದರಲ್ಲಿ 144 ಪಾಲು ಅಂತ ಹಿಡಿಯೋಣ. ಪಡದೆಯಿಂದ 72. ಸೋಫಾ ಮುಂದೆ 8×10ರ ದಪ್ಪ ಕಾರ್ಪೆಟ್ಟಿನಿಂದ 24. ಮೊದಲಿನ 120 ಸೇರಿ 360. 260 ಭಾಗಿಸು 360, ಅಂದರೆ 0.72 ಸೆಕೆಂಡ್. ಎರಡು ಚಿಲ್ಲರೆಯಿಂದ ಮುಕ್ಕಾಲಿನೊಳಗೆ. ಇಷ್ಟಕ್ಕೆ ಆದ ಖರ್ಚು ಅಂಗಡಿಯವರು ತೋರಿಸಿದ ಹೊಸ ಸೆಟ್ಟಿನ ಬೆಲೆಯ ಅರ್ಧವನ್ನೂ ಮುಟ್ಟಲಿಲ್ಲ.

ಪಿಓಪಿ ಹಾಕಿ ಛತ್ತು ಕೆಳಗಿಳಿಸಿದರೆ? ಸಾದಾ ಜಿಪ್ಸಮ್ ಹಲಗೆಯೂ ಬೋಳು ಗೋಡೆಯ ತಮ್ಮನೇ. ತೂತಿನ ಹಲಗೆ ಹಾಕಿ ಮೇಲೆ ರಾಕ್ ವೂಲ್ ಹಾಸಿದರೆ ಮಾತ್ರ ಕೆಲಸ ಮಾಡುತ್ತದೆ. ಅಷ್ಟಕ್ಕೂ ಎತ್ತರ ಬೇಕಂತಲೇ ರೊಕ್ಕ ಸುರಿದು ಕಟ್ಟಿಸಿದವರಿಗೆ ಅದನ್ನು ಮುಚ್ಚಿ ಅಂತ ನಾನು ಹೇಳಲಾರೆ.

ಸೋಫಾ ಎಲ್ಲಿ, ಬಾಕ್ಸು ಎಲ್ಲಿ

ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಡುವುದು ನಮ್ಮ ಪದ್ಧತಿ, ನಡುವೆ ಬಯಲು ಬಿಟ್ಟರೇ ಮನೆ ದೊಡ್ಡದು ಕಾಣುವುದು. ಅವರ ಸೋಫಾ ಸ್ಪೀಕರಿನಿಂದ 18 ಅಡಿ ದೂರ ಇತ್ತು. ಅದನ್ನು ಮುಂದೆ ತಂದು ಹತ್ತು ಅಡಿಗೆ ಇಟ್ಟೆ. ನೇರ ದನಿ 5 ಡೆಸಿಬೆಲ್ ಏರಿತು. ಆಂಪ್ಲಿಫೈಯರಿನ ವಾಟ್ ಮೂರು ಪಟ್ಟು ಮಾಡಿದರೆ ಸಿಗುವಷ್ಟು, ಅದೂ ಗುಂಯ್ ಏರಿಸದೆ. (ವಾಟ್ ಅಂದೆನಲ್ಲ, ಡಬ್ಬಿಯ ಮೇಲಿನ ಪಿಎಂಪಿಓ 5000 ಅನ್ನುವ ಉಬ್ಬಿಸಿದ ಅಂಕಿ ನೋಡಿ ಮರುಳಾಗಬೇಡಿ, ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವಾಟ್, ಎಷ್ಟು ಕೇಳಿ.) ಸೋಫಾ ಹಿಂದೆ ಉಳಿದ ಜಾಗಕ್ಕೆ ಊಟದ ಟೇಬಲ್ ಬಂತು. ಟೀವಿ ಗೋಡೆಯಿಂದ 12 ಅಡಿಗೆ ಇಟ್ಟದ್ದಕ್ಕೆ ಇನ್ನೊಂದು ಕಾರಣವಿದೆ. 20 ಅಡಿಯ ಹಾಲ್‌ನ ಸರಿ ಅರ್ಧ, ಅಂದರೆ 10 ಅಡಿ, ದಪ್ಪ ದನಿಗೆ ಸತ್ತ ಜಾಗ.

ಮುಂದಿನ ಸ್ಪೀಕರುಗಳ ತೆಳು ದನಿಯ ಸಣ್ಣ ಬಾಯಿ, ಟ್ವೀಟರ್ ಅನ್ನುವುದು, ಕೂತವರ ಕಿವಿಯ ಮಟ್ಟಕ್ಕೆ ಇರಬೇಕು. ಮಠ, ಗುಡಿಗಳ ಎತ್ತರದ ಪ್ರಾಂಗಣದಲ್ಲಿ ನಾವು ಕಾಲಂ ಸ್ಪೀಕರ್ ಹಾಕುವುದು ಇದೇ ತತ್ವದ ಮೇಲೆ. ಅದು ದನಿಯನ್ನು ಅಡ್ಡಕ್ಕೆ ಚೆಲ್ಲುತ್ತದೆ, ಮೇಲಕ್ಕೆ ಕಳಿಸುವುದಿಲ್ಲ. ಟೀವಿಯ ಕೆಳಗಿನ ಸೆಂಟರ್ ಸ್ಪೀಕರ್ ಕಪಾಟಿನ ಒಳಗೆ ಹುದುಗಿದ್ದರೆ ಅಂಚಿಗೆ ಎಳೆದು, ಮುಂದೆ ಒಂದು ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯ ಕಡೆ ತಿರುಗಿಸಿ. ಮಾತೆಲ್ಲ ಬರುವುದು ಅದರಿಂದಲೇ. ಪಕ್ಕದ ಎರಡು ಸರೌಂಡ್ ಸ್ಪೀಕರುಗಳನ್ನು ಅವರು 14 ಅಡಿ ಮೇಲೆ ಗುಬ್ಬಿಗೂಡಿನಂತೆ ಹಾಕಿಸಿಕೊಂಡಿದ್ದರು. ಇಳಿಸಿ, ಸೋಫಾದ ಎರಡೂ ಬದಿಗೆ ತುಸು ಹಿಂದೆ, ಕಿವಿಗಿಂತ ಒಂದೆರಡು ಅಡಿ ಮೇಲೆ ಹಾಕಿದೆ.

ತಲೆಯ ಮೇಲಿಂದಲೂ ದನಿ ಬರುವ ಡಾಲ್ಬಿ ಆಟ್ಮಾಸ್ ಬೇಕು ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ. ಮೇಲ್ಮುಖವಾಗಿ ದನಿ ಹೊಡೆದು ಛತ್ತಿನಿಂದ ಪುಟಿಸುವ ಸ್ಪೀಕರುಗಳು, ಅಂಥವನ್ನು ಹೊಂದಿದ ಸೌಂಡ್‌ಬಾರುಗಳು, ಏಳೂವರೆಯಿಂದ ಹನ್ನೆರಡು ಅಡಿಯ ಚಪ್ಪಟೆ ಛತ್ತಿಗೆ ಮಾಡಿದವು. ಡಾಲ್ಬಿಯವರೇ ಹದಿನಾಲ್ಕರ ಮೇಲೆ ಬೇಡ ಅನ್ನುತ್ತಾರೆ. 19 ಅಡಿಯಲ್ಲಿ ಅವು ಮೇಲಿನ ಗುಂಯ್‌ಗೆ ಇನ್ನಷ್ಟು ಹುಲ್ಲು ಹಾಕುತ್ತವೆ. ಛತ್ತಿಗೆ ಸ್ಪೀಕರ್ ಹಾಕಿದರೂ ದೂರವಾಗುತ್ತದೆ. ಪಕ್ಕದ ಗೋಡೆಗಳಿಗೆ 10 ಅಡಿ ಎತ್ತರದಲ್ಲಿ ಸಣ್ಣ ಸ್ಪೀಕರ್ ಹಾಕಿ ಸೋಫಾದ ಕಡೆ ಬಗ್ಗಿಸಿ. 14 ಅಡಿ ಅಗಲದ ಹಾಲ್‌ನಲ್ಲಿ ನಡುವೆ ಕೂತವರಿಗೆ ಅದು ಹೆಚ್ಚುಕಡಿಮೆ 45 ಡಿಗ್ರಿ ಮೇಲಿಂದ ಬರುತ್ತದೆ. ಹೆಲಿಕಾಪ್ಟರ್ ಹಾರಲಿಕ್ಕೆ ಅಷ್ಟು ಸಾಕು.

ದಬ್ ಅನ್ನುವುದರ ಕತೆ ಬೇರೆ

ಪ್ಯಾನೆಲ್ ಹಾಕಿದ ಮೇಲೂ ಡೊಳ್ಳಿನ ಕೆಲವು ಪೆಟ್ಟು "ದಬ್" ಅನ್ನದೆ "ದೂಂ" ಅಂತ ಊದಿಕೊಳ್ಳುತ್ತಿದ್ದವು. ನಾಲ್ಕು ಇಂಚಿನ ರಾಕ್ ವೂಲ್ ಇದನ್ನು ಮುಟ್ಟುವುದಿಲ್ಲ. ಇದು ಖೋಲಿಯ ಅಳತೆಯ ರೋಗ. 565ನ್ನು (ದನಿ ಒಂದು ಸೆಕೆಂಡಿಗೆ ನಡೆಯುವ ಅಡಿಗಳ ಅರ್ಧ) ಖೋಲಿಯ ಅಡಿಗಳಿಂದ ಭಾಗಿಸಿ: ಉದ್ದ 20 ಅಡಿಗೆ 28 ಹರ್ಟ್ಸ್, ಎತ್ತರ 19ಕ್ಕೆ 30, ಅಗಲ 14ಕ್ಕೆ 40. ಇವು ಮತ್ತು ಇವುಗಳ ಎರಡು ಪಟ್ಟು, ಮೂರು ಪಟ್ಟುಗಳಲ್ಲಿ ಖೋಲಿ ತಾನೇ ಹಾಡುತ್ತದೆ. ಇಲ್ಲಿ ಉದ್ದ, ಎತ್ತರ ಹತ್ತಿರ ಹತ್ತಿರ ಸಮ. ಹಾಗಾಗಿ 28-30ರಲ್ಲೂ, 57-60ರಲ್ಲೂ ಎರಡೆರಡು ಸೇರಿ ಗುಡ್ಡವಾಗಿವೆ. ಇನ್ನೂ ಮನೆ ಕಟ್ಟಿಸುತ್ತಿರುವವರು ಇದ್ದರೆ ಇದೊಂದನ್ನು ನಕ್ಷೆಯಲ್ಲೇ ತಪ್ಪಿಸಿ, ಎತ್ತರ ಮತ್ತು ಉದ್ದ ಅಥವಾ ಅಗಲ ಒಂದೇ ಬರದಂತೆ. ಹಾಗೆಯೇ ಸ್ಲ್ಯಾಬ್ ಹಾಕುವಾಗ ನಾಲ್ಕೈದು ಹುಕ್ಕು, 10 ಅಡಿ ಎತ್ತರಕ್ಕೆ ಸ್ಪೀಕರ್ ವೈರಿನ ಪೈಪು ಬಿಡಿಸಿಟ್ಟುಕೊಳ್ಳಿ. ಆಮೇಲೆ ಗೋಡೆ ಕೊರೆಯುವ ಸಂಕಟ ನನಗೆ ಗೊತ್ತು.

ದಪ್ಪ ದನಿಯ ಬಾಕ್ಸು, ಸಬ್ ವೂಫರ್ ಅನ್ನುವುದು, ಮೂಲೆಯಲ್ಲಿದ್ದರೆ ಎಲ್ಲ ಗುಡ್ಡಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಸರಿಯಾದ ಜಾಗ ಹುಡುಕಲು ಹಳೆಯ ಉಪಾಯ: ಸಬ್ ವೂಫರನ್ನು ಸೋಫಾದಲ್ಲಿ ನೀವು ಕೂಡುವ ಜಾಗಕ್ಕೆ ಎತ್ತಿ ಇಡಿ, ಬೇಸ್ ಸಮನಾಗಿ ಓಡುವ ಒಂದು ಹಾಡು ಹಚ್ಚಿ, ಮೊಣಕಾಲ ಮೇಲೆ ಗೋಡೆಯ ಗುಂಟ ಹರಿದಾಡಿ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಸಬ್ ವೂಫರ್ ಇಡಿ. ನಾನು ಹರಿದಾಡುವುದನ್ನು ನೋಡಿ ಮೊಮ್ಮಗ ಬೆನ್ನ ಮೇಲೆ ಹತ್ತಿ ಕೂತ. ಜಾಗ ಸಿಕ್ಕಿದ್ದು ಪಕ್ಕದ ಗೋಡೆಗೆ, ಟೀವಿ ಗೋಡೆಯಿಂದ 5 ಅಡಿಗೆ, ಅಂದರೆ ಉದ್ದದ ಕಾಲು ಭಾಗಕ್ಕೆ. ಉದ್ದದ 57 ಅಲ್ಲಿಂದ ಏಳುವುದೇ ಇಲ್ಲ. ಎತ್ತರದ 60 ಹಾಗೇ ಉಳಿಯಿತು. ಅದಕ್ಕೆ ಸಬ್ ವೂಫರನ್ನು ನೆಲದಿಂದ ಐದು ಅಡಿ ಮೇಲೆ ತೂಗಬೇಕು, ಅದು ಆಗದ ಮಾತು. ಎಲ್ಲ ಸ್ಪೀಕರುಗಳನ್ನು ನಡೆಸುವ ಡಬ್ಬಿ, ಅಂದರೆ ರಿಸೀವರಿನ ಈಕ್ವಲೈಜರ್‌ನಲ್ಲಿ ಆ 60ರಲ್ಲಿ ಮಾತ್ರ 6 ಡೆಸಿಬೆಲ್ ಇಳಿಸಿದೆ. ಗುಡ್ಡವನ್ನು ಹೀಗೆ ಕಡಿಯಬಹುದು, ತಗ್ಗನ್ನು ತುಂಬಲು ಹೋಗಬೇಡಿ. ಎಷ್ಟು ಸುರಿದರೂ ತುಂಬುವುದಿಲ್ಲ, ಆಂಪ್ಲಿಫೈಯರ್ ಮಾತ್ರ ದಣಿಯುತ್ತದೆ.

ದೊಡ್ಡದು ಕೊಳ್ಳಲು ಅಡ್ಡಿಯಿಲ್ಲ ಅಂತ ನಾನು ಹೇಳುವ ಸಾಮಾನು ಇದೊಂದೇ. ಹತ್ತು ಅಡಿಯ ಹಾಲ್‌ಗಿಂತ ಇಲ್ಲಿ ಗಾಳಿ ಸುಮಾರು ಎರಡು ಪಟ್ಟು, 8 ಇಂಚಿನ ಸಬ್ ವೂಫರ್ ಕೆಮ್ಮುತ್ತದೆ. ಒಂದೇ ದೊಡ್ಡದಕ್ಕಿಂತ 10 ಅಥವಾ 12 ಇಂಚಿನ ಎರಡು, ಎದುರುಬದುರು ಗೋಡೆಗಳಿಗೆ, ಭಾಳ ಉತ್ತಮ.

ರಿಸೀವರಿನ ಕೀಲಿಗಳು

ಇದು ಹತ್ತು ನಿಮಿಷದ ಕೆಲಸ, ಆದರೆ ಪ್ಯಾನೆಲ್ ಎಲ್ಲ ಹಾಕಿದ ಮೇಲೆಯೇ ಮಾಡಿ. ಎಲ್ಲ ಸ್ಪೀಕರುಗಳನ್ನು 'ಸ್ಮಾಲ್' ಮಾಡಿ, ಕ್ರಾಸೋವರ್ 80 ಹರ್ಟ್ಸ್, ಅಂದರೆ ಅದರ ಕೆಳಗಿನ ದಪ್ಪ ದನಿಯೆಲ್ಲ ಸಬ್ ವೂಫರಿಗೆ. ಪ್ರತಿ ಸ್ಪೀಕರಿನ ದೂರವನ್ನು ಟೇಪ್ ಹಿಡಿದು ಅಳೆದು ಹಾಕಿ, ದನಿ ಒಂದು ಮಿಲಿಸೆಕೆಂಡಿಗೆ ಸುಮಾರು ಒಂದು ಅಡಿ ನಡೆಯುತ್ತದೆ. ಟೆಸ್ಟ್ ಟೋನ್ ಹಚ್ಚಿ ಸೋಫಾದಲ್ಲಿ ಪ್ರತಿಯೊಂದೂ 75 ಡೆಸಿಬೆಲ್ ಬರುವಂತೆ ಮಾಡಿ. ಆಮೇಲೆ ಸೆಂಟರನ್ನು ಎರಡು ಡೆಸಿಬೆಲ್ ಮೇಲೆತ್ತಿ. ತಾನೇ ಅಳೆಯುವ ಮೈಕ್ ಬಂದಿದ್ದರೆ ಅದನ್ನು ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ಇಡಿ, ಫ್ಯಾನ್ ಬಂದ್ ಮಾಡಿ. ಉದ್ದ ಕೋಲಿನ ಫ್ಯಾನು ಆ ಅಳತೆಯನ್ನೆಲ್ಲ ಹಾಳು ಮಾಡುತ್ತದೆ. ವಯಸ್ಸಾದವರಿಗೆ 'ನೈಟ್ ಮೋಡ್' ಹಚ್ಚಿಡಿ. ಪಿಸುಮಾತು ಮೇಲೇಳುತ್ತದೆ, ಬಾಂಬು ಕೆಳಗಿಳಿಯುತ್ತದೆ. ಲ್ಯಾಪ್‌ಟಾಪ್ ಇದ್ದವರಿಗೆ ರೂಮ್ ಈಕ್ಯೂ ವಿಝರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅಳತೆಯ ಮೈಕ್ ಒಂದನ್ನು ಕೊಂಡರೆ ನಾನು ಕಿವಿಯಲ್ಲಿ ಹಿಡಿದದ್ದನ್ನು ಅದು ಗೆರೆಯಲ್ಲಿ ತೋರಿಸುತ್ತದೆ.

ಧಾರವಾಡದ ಮಾಳಮಡ್ಡಿಯಂಥ ಕಡೆಯ ಹಳೆಯ ಹೆಂಚಿನ ಮನೆಯವರು ಇಷ್ಟೆಲ್ಲ ಹೆದರಬೇಕಿಲ್ಲ. ನೆತ್ತಿ 17 ಅಡಿ ಇದ್ದರೂ ಹೆಂಚಿನ ಸಂದುಗಳೆಲ್ಲ ಸಣ್ಣ ಸಣ್ಣ ಕಿಡಕಿಗಳೇ. ಛತ್ತು ಇಳಿಜಾರು ಆದ್ದರಿಂದ ನೆಲಕ್ಕೂ ಮೇಲಕ್ಕೂ ಚೆಂಡಾಟ ನಡೆಯುವುದಿಲ್ಲ. ನಾಲ್ಕಾರು ಪ್ಯಾನೆಲ್, ಒಂದು ಕಾರ್ಪೆಟ್ ಸಾಕು. ಅವರ ತೊಂದರೆ ಮಳೆ. ಆಷಾಢದ ಜಡಿಮಳೆಯಲ್ಲಿ ಸಿನೆಮಾ ಹಚ್ಚಬೇಡಿ, ಭಜಿ ಕರಿದುಕೊಂಡು ಮಳೆಯನ್ನೇ ಕೇಳಿ.

ಗೋಡೆಯಿಂದ ನಾಲ್ಕು ಇಂಚು ಬಿಟ್ಟಿದ್ದೇವಲ್ಲ, ಆ ಸಂದಿಯಲ್ಲಿ ಹಲ್ಲಿ ಸಂಸಾರ ಹೂಡುತ್ತದೆ. ಪ್ಯಾನೆಲ್ಲಿನ ಬೆನ್ನಿಗೆ, ಅಂಚುಗಳಿಗೆ ಸೊಳ್ಳೆ ಜಾಳಿಗೆ ಬಡಿಸಿಬಿಡಿ. ನಮ್ಮವರಿಗೆ ನಾನು ಮೊದಲೇ ಹೇಳದೆ ಮರೆತೆ. ದೀಪಾವಳಿಗೆ ಧೂಳು ಹೊಡೆಯಲು ಹತ್ತಿದ ಹುಡುಗ ಎರಡನೇ ಪ್ಯಾನೆಲ್ ಹತ್ತಿರ ಕೂಗಿದ ಕೂಗು ಮುಕ್ಕಾಲು ಸೆಕೆಂಡಿನಲ್ಲೇ ಸತ್ತಿತು.